ಕಲಿಸಿದ ಹುಡುಗ ಬಿಟ್ಟುಹೋದರೆ? ಹೋಟೆಲ್ ಸಿಬ್ಬಂದಿಯ ತರಬೇತಿ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಲಾಡ್ಜ್, ಅದರ ಕೆಳಗೇ ಸಸ್ಯಾಹಾರಿ ಹೋಟೆಲ್ ಇದೆ. ಕೆಲಸ ಕಲಿತ ಹುಡುಗರು ಕೆಲವೇ ತಿಂಗಳಲ್ಲಿ ಬೆಂಗಳೂರಿಗೆ ಹೊರಟುಹೋಗುತ್ತಾರೆ. ಹೊರಗಿನವರನ್ನು ಕರೆಸಿ ಒಂದು ದಿನದ ಶಿಬಿರ ಮಾಡಿಸಿದರೂ ಪ್ರಯೋಜನ ಕಾಣಲಿಲ್ಲ. ತರಬೇತಿಗೆ ಹಣ ಹಾಕುವುದು ದಂಡವೆನಿಸುತ್ತಿದೆ. ಏನು ಮಾಡುವುದು?
– ಲಾಡ್ಜ್ ಮಾಲೀಕರು, ಮೈಸೂರು

ಉತ್ತರ: ಒಂದು ದಿನದ ಶಿಬಿರದಿಂದ ಪ್ರಯೋಜನವಾಗಲಿಲ್ಲವೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ; ಆದರೆ ಅದರಿಂದ ತರಬೇತಿಯೇ ದಂಡವೆಂಬ ತೀರ್ಮಾನಕ್ಕೆ ಬರುವುದನ್ನು ಒಪ್ಪಲಾರೆ. ಹೋಟೆಲ್ ಕೆಲಸ ಕೈಯಿಂದ ಕಲಿಯುವ ಕೆಲಸ. ಅದನ್ನು ಕಲಿಸಬಲ್ಲವರು ನಿಮ್ಮಲ್ಲೇ ಇರುವ ಹಳೆಯ ಸಪ್ಲೈಯರ್, ಕಾಫಿ ಮಾಸ್ಟರ್, ರೂಮುಗಳ ಉಸ್ತುವಾರಿ ನೋಡುವ ಹೆಂಗಸು. ಇವರಿಗೆ ಕೆಲಸ ಚೆನ್ನಾಗಿ ಬರುತ್ತದೆ, ಕಲಿಸುವ ಕ್ರಮ ಮಾತ್ರ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ತರಬೇತಿ ಸಲ್ಲಬೇಕಾದದ್ದು ಹೊಸಬರಿಗಲ್ಲ, ಈ ಹಿರಿಯರಿಗೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹೊಸ ಕೆಲಸಗಾರರನ್ನು ಬೇಗ ಸಿದ್ಧಗೊಳಿಸಲು ರೂಪಿಸಿದ ನಾಲ್ಕು ಹಂತಗಳ ಕ್ರಮವೊಂದು ಹೋಟೆಲಿಗೂ ಚೆನ್ನಾಗಿ ಒಪ್ಪುತ್ತದೆ. ಕಲಿಯುವವನ ಅಂಜಿಕೆ ಬಿಡಿಸಿ ಅವನಿಗೆ ಈಗಾಗಲೇ ಏನು ಗೊತ್ತಿದೆಯೆಂದು ತಿಳಿದುಕೊಳ್ಳುವುದು, ಕಾರಣ ಹೇಳುತ್ತಾ ಮಾಡಿ ತೋರಿಸುವುದು, ಅವನ ಕೈಯಲ್ಲಿ ಮಾಡಿಸಿ ಕಾರಣವನ್ನು ಅವನ ಬಾಯಿಂದಲೇ ಹೇಳಿಸುವುದು, ಕೊನೆಗೆ ಅವನನ್ನು ಒಬ್ಬನೇ ಬಿಟ್ಟು ಆಗಾಗ ಹೋಗಿ ನೋಡುವುದು. ನಮ್ಮಲ್ಲಿ ಬಿಟ್ಟುಹೋಗುವುದು ಈ ಕಾರಣ ಹೇಳುವ ಭಾಗವೇ. ‘ಬಚ್ಚಲು ಒರೆಸಿದ ಬಟ್ಟೆಯಲ್ಲಿ ಮೇಜು ಒರೆಸಬೇಡ’ ಎಂದು ಗದರಿಸಿದರೆ ಯಜಮಾನರ ಕಣ್ಣೆದುರಿಗಷ್ಟೇ ಒರೆಸುವುದಿಲ್ಲ. ಅದರಿಂದ ಅತಿಥಿಗೆ ಕಾಯಿಲೆ ಹೇಗೆ ಹರಡುತ್ತದೆಂದು ತಿಳಿಸಿ, ಬಚ್ಚಲಿಗೆ ಒಂದು ಬಣ್ಣದ, ಕೋಣೆಗೆ ಇನ್ನೊಂದು ಬಣ್ಣದ ಬಟ್ಟೆ ಕೊಟ್ಟರೆ ಯಾರೂ ಕಾಯಬೇಕಾಗಿಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಸಿಗುವ ಬಿಡುವಿನಲ್ಲಿ ಹದಿನೈದು ನಿಮಿಷ, ದಿನಕ್ಕೆ ಒಂದೇ ವಿಷಯ ಸಾಕು. ಕಲಿಸುವ ಹಿರಿಯರಿಗೆ ಸಂಬಳದ ಜೊತೆ ಪ್ರತ್ಯೇಕವಾಗಿ ಏನಾದರೂ ಕೊಡಿ. ಕೊಡದಿದ್ದರೆ ಹೊಸ ಹುಡುಗ ಅವರ ಪಾಲಿಗೆ ಹೊರೆಯಾಗಿಯೇ ಉಳಿಯುತ್ತಾನೆ.

ಕಾಲವನ್ನೂ ನೋಡಿಕೊಳ್ಳಬೇಕು. ದಸರಾಕ್ಕೆಂದು ಸೇರಿಸಿಕೊಂಡವರಿಗೆ ನವರಾತ್ರಿಯ ಮೊದಲ ದಿನ ಕೆಲಸ ಹೇಳಿಕೊಡಲು ಹೊರಟರೆ ಅತಿಥಿಗಳ ಮೇಲೆಯೇ ಪ್ರಯೋಗ ನಡೆಸಿದಂತಾಗುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ; ಚಾಮುಂಡಿ ಬೆಟ್ಟಕ್ಕೆ ಜನ ಸೇರುವ ಶುಕ್ರವಾರಗಳನ್ನು ಬಿಟ್ಟರೆ ವಾರದ ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ಬಿಡುವಿರುತ್ತದೆ. ಕಲಿಸುವ ಕೆಲಸವನ್ನು ಆಗ ಆರಂಭಿಸಿ.

ಇನ್ನು ಬಿಟ್ಟುಹೋಗುವ ಮಾತು. ನಿಮ್ಮ ಹುಡುಗರು ಕೆಲಸ ಕಲಿತರೆಂಬ ಕಾರಣಕ್ಕೆ ಹೋಗುತ್ತಿದ್ದಾರೆಂದು ನನಗನಿಸುವುದಿಲ್ಲ. ಕಲಿತ ಮೇಲೂ ಅದೇ ಕೆಲಸ, ಅದೇ ಸಂಬಳ ಎಂದು ಕಂಡಾಗ ಹೊರಡುತ್ತಾರೆ. ಕ್ಲೀನರ್ ಆಗಿ ಸೇರಿದವನು ಯಾವಾಗ ಸಪ್ಲೈಯರ್ ಆಗಬಹುದು, ಸಪ್ಲೈಯರ್ ಆದವನು ಏನು ಕಲಿತರೆ ಕ್ಯಾಷ್ ಅಥವಾ ರಿಸೆಪ್ಷನ್‌ನಲ್ಲಿ ಕೂರಬಹುದು, ಆಗ ಸಂಬಳ ಎಷ್ಟು ಏರುತ್ತದೆ ಎಂಬುದನ್ನು ಸೇರಿದ ದಿನವೇ ಹೇಳಿ, ಹೇಳಿದಂತೆ ನಡೆಯಿರಿ. ಮಲಗಲು ಗಾಳಿಯಾಡುವ ಜಾಗ, ವಾರದ ರಜೆ, ಗೊತ್ತಾದ ತಾರೀಕಿಗೆ ಸಂಬಳ, ಇವು ಇಲ್ಲದ ಕಡೆ ಯಾವ ತರಬೇತಿಯೂ ಯಾರನ್ನೂ ಹಿಡಿದಿಡಲಾರದು. ಹೊರಡುವವನಿಗೆ ಅನುಭವ ಪತ್ರವನ್ನು ತಡೆಹಿಡಿಯಬೇಡಿ. ಊರಿನಿಂದ ಮುಂದಿನ ಹುಡುಗನನ್ನು ಕಳುಹಿಸುವವನು ಅವನೇ ಆಗಿರಬಹುದು.

ಹಣದ ವಿಷಯದಲ್ಲಿ ಒಂದು ಅನುಕೂಲವಿದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಅಪ್ರೆಂಟಿಸ್, ಅಂದರೆ ಕೆಲಸ ಕಲಿಯಲು ಸೇರಿದ ಒಬ್ಬರ ಸ್ಟೈಪೆಂಡಿನ (ಕಲಿಕೆಯ ಭತ್ಯೆಯ) ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿ ಇರುವಲ್ಲಿ ಅದು ಮಾಲೀಕರ ಇಚ್ಛೆ.

ಪ್ರಶ್ನೆ: ಮಂಡ್ಯದ ಹತ್ತಿರ ಹಳೆಯ ಹೆದ್ದಾರಿಯ ಬದಿಯಲ್ಲಿ ನಮ್ಮ ಹೋಟೆಲಿದೆ. ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಗಿರಾಕಿಗಳು ಕಡಿಮೆಯಾಗಿ, ಸಿಬ್ಬಂದಿಯನ್ನೂ ಕಡಿಮೆ ಮಾಡಿದ್ದೇವೆ. ಉಳಿದವರಿಗೆ ಎಲ್ಲ ಕೆಲಸವನ್ನೂ ಕಲಿಸುವುದು ಸರಿಯೇ?
– ಹೋಟೆಲ್ ಮಾಲೀಕರು, ಮಂಡ್ಯ

ಉತ್ತರ: 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ವಾಹನಗಳು ಬೈಪಾಸ್ ಹಿಡಿದಿದ್ದರಿಂದ ಮದ್ದೂರು, ಮಂಡ್ಯದ ಅನೇಕ ಹೋಟೆಲುಗಳು ಇದೇ ಸಂಕಟವನ್ನು ಅನುಭವಿಸಿವೆ. ದಾರಿಹೋಕರು ಕಡಿಮೆಯಾದಾಗ ಊರಿನ ಗಿರಾಕಿಯೇ ಆಧಾರ. ಅವರು ಮತ್ತೆ ಮತ್ತೆ ಬರುವವರಾದ್ದರಿಂದ ಸಿಬ್ಬಂದಿಯ ನಡವಳಿಕೆಗೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ. ಒಬ್ಬರಿಗೆ ಎರಡು ಮೂರು ಕೆಲಸ ಬರುವಂತೆ ಮಾಡುವುದು ಸರಿಯೇ. ಸಪ್ಲೈಯರ್ ಬಿಲ್ ಹಾಕುವುದನ್ನೂ ಪಾರ್ಸೆಲ್ ಕಟ್ಟುವುದನ್ನೂ ಕಲಿಯಲಿ, ಭಟ್ಟರ ಸಹಾಯಕ ದೋಸೆಯ ಕಾವಲಿಯ ಮುಂದೆ ನಿಲ್ಲುವುದನ್ನು ಕಲಿಯಲಿ. ಒಂದು ಪಟ್ಟಿಯಲ್ಲಿ ಯಾರಿಗೆ ಯಾವ ಕೆಲಸ ಬರುತ್ತದೆಂದು ಬರೆದಿಟ್ಟುಕೊಂಡು, ಹೊಸ ಕೆಲಸ ಕಲಿತವರಿಗೆ ಸ್ವಲ್ಪವಾದರೂ ಸಂಬಳ ಏರಿಸಿ. ಕಲಿಸುವ ನೆಪದಲ್ಲಿ ಇಬ್ಬರ ದುಡಿಮೆಯನ್ನು ಒಬ್ಬನ ಮೇಲೆ ಹೇರಿದರೆ ಅದು ಅನ್ಯಾಯ.

ಆದರೆ ಶೌಚಾಲಯ ತೊಳೆಯುವವರನ್ನು ಅದೇ ಹೊತ್ತಿನಲ್ಲಿ ಅಡುಗೆಮನೆಗೆ ಕಳುಹಿಸುವ ಪರಿಪಾಠ ಯಾವ ಕಾರಣಕ್ಕೂ ಬೇಡ. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂಬುದು ಆಹಾರ ಸುರಕ್ಷತಾ ನಿಯಮ. 25 ಮಂದಿ ಆಹಾರ ಕೆಲಸಗಾರರಿಗೆ ಒಬ್ಬರಂತೆ ತರಬೇತಿ ಪಡೆದ ಮೇಲ್ವಿಚಾರಕರು ಇರಬೇಕೆಂಬ ಉದ್ದೇಶದಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ‘ಫೋಸ್ಟ್ಯಾಕ್’ ಎಂಬ ತರಬೇತಿಯನ್ನು ನಡೆಸುತ್ತದೆ. ನಿಮ್ಮಲ್ಲಿ ಒಬ್ಬರನ್ನು ಅದಕ್ಕೆ ಕಳುಹಿಸಿ. ಬಿಸಿಯಾಗಿ ಬಡಿಸುವ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡಬೇಕಾದದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಗಿರಾಕಿ ಕಡಿಮೆಯಿದ್ದಾಗ ಬೆಳಗಿನ ಸಾಂಬಾರು, ಕಾಯಿಚಟ್ನಿ ಮಧ್ಯಾಹ್ನದವರೆಗೂ ಉಳಿಯುವ ಸಂಭವ ಹೆಚ್ಚು, ಹಾಗಾಗಿ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದನ್ನು ಭಟ್ಟರಿಗೂ ಮನವರಿಕೆ ಮಾಡಿಕೊಡಿ.

ಪ್ರಶ್ನೆ: ನಮ್ಮಲ್ಲಿ ಒಡಿಶಾ, ಅಸ್ಸಾಂ ಕಡೆಯ ಹುಡುಗರೇ ಹೆಚ್ಚು. ಅವರಿಗೆ ಕನ್ನಡ ಹೇಗೆ ಕಲಿಸುವುದು?
– ಹೋಟೆಲ್ ಮ್ಯಾನೇಜರ್, ಮೈಸೂರು

ಉತ್ತರ: ಪುಸ್ತಕದಿಂದ ಬೇಡ. ತಿಂಡಿಗಳ ಹೆಸರು, ಅಂಕಿಗಳು, ‘ಬನ್ನಿ, ಕೂತ್ಕೊಳ್ಳಿ’, ‘ಏನು ಕೊಡ್ಲಿ ಸಾರ್?’, ‘ಇನ್ನೂ ಸಾಂಬಾರ್ ಬೇಕಾ ಅಮ್ಮಾ?’ ಎಂಬಂಥ ಮಾತುಗಳನ್ನು ಹಿರಿಯ ಸಪ್ಲೈಯರ್ ಒಬ್ಬರ ದನಿಯಲ್ಲಿ ಮೊಬೈಲಿಗೆ ಧ್ವನಿಮುದ್ರಿಸಿ ಕೊಡಿ. ಬೈ ಟು ಕಾಫಿ, ಸಕ್ಕರೆ ಕಮ್ಮಿ, ಸ್ಟ್ರಾಂಗ್ ಎಂದರೇನೆಂದು ಕಾಫಿ ಕೌಂಟರಿನಲ್ಲೇ ನಿಲ್ಲಿಸಿ ತೋರಿಸಿ. ಅರ್ಥವಾಗದಿದ್ದಾಗ ತಲೆಯಾಡಿಸಿ ಹೋಗಿಬಿಡದೆ ‘ಒಂದು ನಿಮಿಷ, ಕೇಳಿ ಹೇಳ್ತೀನಿ’ ಎನ್ನುವುದನ್ನು ಎಲ್ಲಕ್ಕಿಂತ ಮೊದಲು ಅಭ್ಯಾಸ ಮಾಡಿಸಿ. ತಪ್ಪು ತಿಂಡಿ ಮೇಜಿಗೆ ಬರುವುದು ಇದರಿಂದ ಬಹಳಷ್ಟು ತಪ್ಪುತ್ತದೆ. ಕನ್ನಡ ಬರಲು ಕೆಲವು ವಾರಗಳು ಹಿಡಿದರೂ ಚಿಂತೆಯಿಲ್ಲ. ಆದರೆ ಗ್ಯಾಸ್ ವಾಲ್ವ್ ಮುಚ್ಚುವ ಬಗೆ, ಬೆಂಕಿ ಹೊತ್ತಿಕೊಂಡರೆ ಹೊರಗೆ ಹೋಗುವ ದಾರಿ, ಕುದಿಯುವ ಎಣ್ಣೆಯ ಬಾಣಲೆಯನ್ನು ಇಬ್ಬರು ಹಿಡಿಯಬೇಕೆಂಬ ಎಚ್ಚರಿಕೆ, ಇವನ್ನು ಮೊದಲ ದಿನವೇ ಅವರವರ ಭಾಷೆಯಲ್ಲಿ, ಅವರ ಊರಿನ ಹಳೆಯ ಹುಡುಗನಿಂದ ಹೇಳಿಸಿ.