ಮಂಗಳೂರಲ್ಲಿ ಎಂಟು ವರ್ಷದ ಮಗನ ಜೊತೆ ಜಿಯೋಕ್ಯಾಶಿಂಗ್ ಶುರು ಮಾಡಬಹುದಾ?

ನೀವು ಬರೆದದ್ದು ಇಷ್ಟು: ಮನೆ ಸುರತ್ಕಲ್‌ನಲ್ಲಿ, ಮಗನಿಗೆ ಎಂಟು, ರಜೆ ಬಂತೆಂದರೆ ಮೊಬೈಲ್ ಕೆಳಗಿಡುವುದಿಲ್ಲ. ಜರ್ಮನಿಯಲ್ಲಿರುವ ನಿಮ್ಮ ಅಣ್ಣನ ಮಕ್ಕಳು, ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಕಾಡಲ್ಲಿ ಹುಡುಕುತ್ತಾರಂತೆ, ಅದೇ ಜಿಯೋಕ್ಯಾಶಿಂಗ್. ಅದು ಇಲ್ಲಿ ನಡೆಯುತ್ತದಾ, ಖರ್ಚೆಷ್ಟು, ಅಪಾಯ ಉಂಟಾ ಅಂತ ಕೇಳಿದ್ದೀರಿ.

ನಡೆಯುತ್ತದೆ. ಆದರೆ ಜರ್ಮನಿಯಲ್ಲಿ ನಡೆಯುವ ಹಾಗೆ ಅಲ್ಲ. ಅಲ್ಲಿ ಬೀದಿಗೊಂದು ಡಬ್ಬಿ ಇರಬಹುದು, ನಮ್ಮ ಕಡೆ ಡಬ್ಬಿಗಳ ಜಾಗ ತೋರಿಸುವ ಜಿಯೋಕ್ಯಾಶಿಂಗ್ ಆ್ಯಪ್ ತೆರೆದರೆ ನಕ್ಷೆಯ ಬಹುಪಾಲು ಖಾಲಿ. ನಾನು ಮತ್ತು ಮಗಳು ಶುರು ಮಾಡಿದಾಗ ಅವಳಿಗೆ ಒಂಬತ್ತು, ಈಗ ಹದಿಮೂರು. ಈ ನಾಲ್ಕು ವರ್ಷದಲ್ಲಿ ಆ್ಯಪ್‌ನಲ್ಲಿರುವ ಡಬ್ಬಿಗಳಲ್ಲಿ ನಮಗೆ ಸಿಕ್ಕಿದ್ದು ಹನ್ನೊಂದು, ಅದರಲ್ಲೂ ಏಳು ಬೆಂಗಳೂರು ಮೈಸೂರು ಕಡೆ ಹೋದಾಗ. ಹುಡುಕಿ ಬರಿಗೈಲಿ ಬಂದದ್ದು ಒಂಬತ್ತು ಸಲ. ಆದರೆ ನಾವೇ ಒಬ್ಬರಿಗೊಬ್ಬರು ಅಡಗಿಸಿ ಹುಡುಕಿದ್ದು ಅರವತ್ತು ದಾಟಿದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಕರಾವಳಿಯಲ್ಲಿ ಈ ಆಟ ಮಾಡುವುದಾದರೆ ಹುಡುಕುವುದರಿಂದ ಅಲ್ಲ, ಅಡಗಿಸುವುದರಿಂದ ಶುರು ಮಾಡಿ.

ಆಟದ ಕತೆ ಮಗನಿಗೆ ಹೇಳಲು ಚೆನ್ನಾಗಿದೆ. ಜಿಪಿಎಸ್ ಅಮೆರಿಕದ ಸೇನೆಯದ್ದು. ಸಾರ್ವಜನಿಕರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕೆಂದೇ ತಪ್ಪು ಸೇರಿಸಿ ಕಳಿಸುತ್ತಿದ್ದರು, ನೂರು ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. 2000ದ ಮೇ ತಿಂಗಳ ಮೊದಲಲ್ಲಿ ಅದನ್ನು ನಿಲ್ಲಿಸಿದರು. ಮರುದಿನವೋ ಅದರ ಮರುದಿನವೋ, ಮೇ 3ರಂದು, ಒರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬವರು ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್‌ನಲ್ಲಿ ಹಾಕಿದರು. ಬಕೆಟ್‌ನಲ್ಲಿ ಒಂದು ಪುಸ್ತಕ, ಪೆನ್ಸಿಲ್, ಕವಣೆ, ಬೀನ್ಸ್ ಡಬ್ಬ, ಇನ್ನೂ ಏನೇನೋ. ಏನಾದರೂ ತಗೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಹೆಸರು ಬರೆಯಿರಿ. ಆಟದ ಮೂಲ ನಿಯಮ ಇವತ್ತಿಗೂ ಇಷ್ಟೇ. (ಬೀನ್ಸ್ ಮಾತ್ರ ಈಗ ಇಡುವ ಹಾಗಿಲ್ಲ, ತಿನ್ನುವ ವಸ್ತು ನಿಷಿದ್ಧ. ನಮ್ಮ ಇರುವೆಗಳನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.)

ಖರ್ಚು ಅಂತ ಎಂತದೂ ಇಲ್ಲ. ನಿಮ್ಮ ಫೋನ್ ಸಾಕು, ಆ್ಯಪ್ ಉಚಿತ. ಹಣ ಕಟ್ಟಿದವರಿಗೆ ಮಾತ್ರ ಕಾಣುವ ಡಬ್ಬಿಗಳೂ ಇವೆ, ಆದರೆ ನಮ್ಮ ಊರಿನ ಮಟ್ಟಿಗೆ ಹಣ ಕಟ್ಟುವುದು ದಂಡ. ಖಾತೆ ನಿಮ್ಮ ಹೆಸರಲ್ಲೇ ಇರಲಿ. ಇನ್ನೊಂದು, ಅಣ್ಣ ಊರಿಗೆ ಬರುವಾಗ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರ ತರುತ್ತೇನೆ ಅಂದರೆ ಬೇಡ ಅನ್ನಿ. ಪರವಾನಗಿ ಇಲ್ಲದೆ ಅದನ್ನು ಇಲ್ಲಿ ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತಾಪತ್ರಯ ಶುರುವಾಗುತ್ತದೆ.

ಈಗ ನಮ್ಮ ಮೊದಲ ಎಡವಟ್ಟು. ನಮ್ಮ ಮನೆ ಕಾವೂರು ಕಡೆ. ಅಲ್ಲೇ ಹತ್ತಿರ ನಾನೊಂದು ಡಬ್ಬಿ ಅಡಗಿಸಿ ಚೀಟಿಯಲ್ಲಿ ಬರೆದುಕೊಟ್ಟೆ: ಉತ್ತರ 12 ಡಿಗ್ರಿ 54.900 ಮಿನಿಟ್, ಪೂರ್ವ 74 ಡಿಗ್ರಿ 51.000 ಮಿನಿಟ್. ಜಿಯೋಕ್ಯಾಶಿಂಗ್‌ನಲ್ಲಿ ಹೀಗೇ ಬರೆಯುವುದು. ಮಗಳು ಅದನ್ನು ನಕ್ಷೆಯಲ್ಲಿ 12.549, 74.51 ಅಂತ ಒತ್ತಿದಳು. ಬಾಣ ಹೋಗಿ ಬಿದ್ದದ್ದು ಕಾಸರಗೋಡಿನ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ಮಧ್ಯ! "ಅಮ್ಮ, ನೀನು ಬೋಟಲ್ಲಿ ಹೋಗಿ ಇಟ್ಟು ಬಂದದ್ದಾ?" ಅಂತ ಗಂಭೀರವಾಗಿ ಕೇಳಿದಳು. ಒಂದು ಡಿಗ್ರಿಗೆ ಅರವತ್ತು ಮಿನಿಟ್, ಗಡಿಯಾರದ ಹಾಗೆ. 54.900ನ್ನು ಅರವತ್ತರಿಂದ ಭಾಗಿಸಿದರೆ 0.915, ಅಂದರೆ ಒತ್ತಬೇಕಾದದ್ದು 12.915, ಹಾಗೆಯೇ 74.85. ಆ ದಿನ ಅಡುಗೆಮನೆಯ ಕಟ್ಟೆ ಮೇಲೆ ಕೂತು ಲೆಕ್ಕ ಮಾಡಿದೆವು. ಮಿನಿಟ್‌ನ ಸಾವಿರದಲ್ಲಿ ಒಂದು ಪಾಲು ಅಂದರೆ ಸುಮಾರು 1.8 ಮೀಟರ್, ಅವಳ ಮೂರು ನಾಲ್ಕು ಹೆಜ್ಜೆ. ದಶಮಾಂಶ ಭಿನ್ನರಾಶಿ ಅವಳಿಗೆ ಅರ್ಥ ಆದದ್ದು ಶಾಲೆಯಲ್ಲಿ ಅಲ್ಲ, ಈ ಹೆಜ್ಜೆ ಲೆಕ್ಕದಲ್ಲಿ ಅಂತ ನಾನು ಈಗಲೂ ಹೇಳುವುದು. ಸಮಾಧಾನಕ್ಕೆ ಇನ್ನೊಂದು ಕತೆಯನ್ನೂ ಹೇಳಿದೆ: ಇನ್ನೂರು ವರ್ಷದ ಹಿಂದೆ ಭೂಮಾಪನ ಮಾಡುತ್ತಿದ್ದ ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ ಸಾಹೇಬರು ಮದರಾಸಿನಿಂದ ಮಂಗಳೂರು ತನಕ ತ್ರಿಕೋನ ಕಟ್ಟಿಕೊಂಡು ಅಳೆದು ಬಂದಾಗ, ಹಳೇ ನಕ್ಷೆಗಳು ದೇಶದ ಈ ಅಗಲವನ್ನು ಸುಮಾರು 40 ಮೈಲಿ ಹೆಚ್ಚು ತೋರಿಸುತ್ತಿದ್ದದ್ದು ಗೊತ್ತಾಯಿತು. ನಮ್ಮದು ಅದಕ್ಕಿಂತ ಕಡಿಮೆ ತಪ್ಪು.

ಸಂಖ್ಯೆ ಸರಿ ಒತ್ತಿದರೂ ಬಾಣ ಡಬ್ಬಿಯ ಮೇಲೆಯೇ ನಿಲ್ಲುವುದಿಲ್ಲ. ಬಯಲಲ್ಲಿ ಫೋನ್ ಐದು ಮೀಟರ್ ಆಸುಪಾಸು ತೋರಿಸುತ್ತದೆ, ಅಡಿಕೆ ತೋಟದ ಒಳಗೆ ಅಥವಾ ಎತ್ತರದ ಕಟ್ಟಡಗಳ ನಡುವೆ ಅದಕ್ಕಿಂತ ಜಾಸ್ತಿ ಆಚೀಚೆ. ಹಾಗಾಗಿ ಬಾಣ ಸೊನ್ನೆ ಅಂದ ಕೂಡಲೇ ಫೋನ್ ಕಿಸೆಗೆ. ಇಲ್ಲಿಂದ ಮುಂದೆ ಕಣ್ಣಿನ ಕೆಲಸ: ಯಾವ ಕಲ್ಲು ಉಳಿದ ಕಲ್ಲಿನ ಹಾಗಿಲ್ಲ, ಯಾವ ತರಗೆಲೆ ಗಾಳಿಗೆ ಬಿದ್ದದ್ದಲ್ಲ. ಮೊಬೈಲ್ ಬಿಡಿಸುವ ಮದ್ದು ಅಂತ ಇದನ್ನು ಮಾಡಬೇಡಿ ಮಾರಾಯ್ರೆ, ಹಾಗೆ ಬಿಡುವುದಿಲ್ಲ. ನನ್ನ ಮಗಳೂ ಬಿಟ್ಟಿಲ್ಲ. ಆದರೆ ಆ ಒಂದು ಗಂಟೆ ಅದು ಅವಳ ಕೈಯಲ್ಲಿ ದಿಕ್ಸೂಚಿ ಮಾತ್ರ.

ಈಗ ನನ್ನದೇ ತಪ್ಪು. ಮೈಸೂರಿನಲ್ಲಿ ಒಂದು ಡಬ್ಬಿ ನನ್ನ ಕಣ್ಣಿಗೆ ಮೊದಲು ಬಿತ್ತು. ಖುಷಿಯಲ್ಲಿ "ಇಕೋ ಇಲ್ಲಿ" ಅಂತ ಕೂಗಿ ಎತ್ತಿಯೇ ಬಿಟ್ಟೆ. ಅವಳು ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ, ರಾತ್ರಿ ಬಸ್ಸಲ್ಲಿ ಊರಿಗೆ ಬರುವವರೆಗೂ ಮಾತಿಲ್ಲ. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು: ಮೊದಲು ಕಂಡವರು ಏನೂ ಆಗದ ಹಾಗೆ ನಾಲ್ಕು ಹೆಜ್ಜೆ ದೂರ ಹೋಗಿ ಕೂತು "ಚಾ ಆಯ್ತು" ಅನ್ನಬೇಕು, ಅಷ್ಟೇ. ಇನ್ನೊಬ್ಬರು ಹುಡುಕುತ್ತಾ ಇರಬಹುದು. ಕೇಳಲು ಸುಲಭ. ಮೊದಲ ನಿಮಿಷದಲ್ಲೇ ಡಬ್ಬಿ ಕಂಡು, ಇಪ್ಪತ್ತೈದು ನಿಮಿಷ ಬಿಸಿಲಲ್ಲಿ ಕೂತು, ಮಗು ಅದರ ಪಕ್ಕದಲ್ಲೇ ಮೂರು ಸಲ ಹಾದುಹೋಗುವುದನ್ನು ನೋಡಿ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಈಗೀಗ ಅವಳೇ ಮೊದಲು ಕೂರುವುದು. ಹಾಗೆ ಕೂತು ನನ್ನನ್ನು ನೋಡುವ ನೋಟ ಬೇರೆಯೇ.

ಊರಲ್ಲಿ ಹುಡುಕಲು ಹೊರಡುವ ಮೊದಲು ಕೊನೆಯ ಸಲ ಯಾರಿಗೆ ಯಾವಾಗ ಸಿಕ್ಕಿತು ಅಂತ ಆ್ಯಪ್‌ನಲ್ಲಿ ನೋಡಿ. ನಾವು ನೋಡದೆ ಒಂದೇ ಗುಡ್ಡೆಗೆ ಮೂರು ಭಾನುವಾರ ಹತ್ತಿ ಇಳಿದೆವು. ಆಮೇಲೆ ಓದಿದರೆ ನಮಗಿಂತ ಮೊದಲು ಬಂದ ನಾಲ್ಕು ಜನರಿಗೂ ಸಿಕ್ಕಿರಲಿಲ್ಲ, ಡಬ್ಬಿ ಯಾವತ್ತೋ ಮಳೆಯಲ್ಲಿ ಹೋಗಿತ್ತು. ಸಿಗದಿದ್ದರೂ "ಸಿಗಲಿಲ್ಲ" ಅಂತ ದಾಖಲಿಸಿ. ನಾಚಿಕೆ ಅಲ್ಲ, ಮುಂದೆ ಬರುವವರಿಗೆ ಉಪಕಾರ.

ಆ ಗುಡ್ಡೆಯಲ್ಲೇ ಎರಡನೇ ಭಾನುವಾರ ಒಬ್ಬ ಅಜ್ಜ ಬಂದು ನಿಂತರು. "ದಾದ ನಾಡೊಂದುಲ್ಲರ್?" ಏನು ಹುಡುಕುವುದು ಅಂತ. ನಾನು ತಡವರಿಸುವಾಗ ಮಗಳು ಸೀದಾ ಹೇಳಿದಳು, ಡಬ್ಬಿ ಅಂತ. ಅಜ್ಜನಿಗೆ ಅನುಮಾನ ಇನ್ನೂ ಜಾಸ್ತಿ ಆಯಿತು, ಯಾವ ಡಬ್ಬಿ, ನಿಧಿಯಾ? ಫೋನ್ ತೋರಿಸಿ ಪೂರ್ತಿ ವಿವರಿಸಿದ ಮೇಲೆ ಮುಂಡು ಎತ್ತಿ ಕಟ್ಟಿ ತಾವೂ ಹುಡುಕಲು ಇಳಿದರು. ಮೂರನೇ ಭಾನುವಾರ ದೂರದಿಂದಲೇ "ತಿಕ್ಕ್‌ಂಡಾ?", ಸಿಕ್ಕಿತಾ ಅಂತ ವಿಚಾರಿಸಿದರು. ಆಡದವರಿಗೆ ಗೊತ್ತಾಗದ ಹಾಗೆ ಹುಡುಕಬೇಕು ಅಂತ ಈ ಆಟದಲ್ಲಿ ಒಂದು ಪದ್ಧತಿ ಉಂಟು. ನಮ್ಮ ಊರಲ್ಲಿ ಅದು ನಡೆಯುವುದಿಲ್ಲ, ನಡೆಸಲೂ ಬಾರದು ಅನ್ನುವುದು ನನ್ನ ಅಭಿಪ್ರಾಯ. 2020ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಚೀಲದಲ್ಲಿ ಸ್ಫೋಟಕ ಸಿಕ್ಕಿದ, 2022ರ ನವೆಂಬರ್‌ನಲ್ಲಿ ರಿಕ್ಷಾದಲ್ಲಿ ಕುಕ್ಕರ್ ಸಿಡಿದ ಊರು ಇದು. ಬಸ್‌ಸ್ಟ್ಯಾಂಡ್, ಸೇತುವೆ, ಮಾರ್ಕೆಟ್ ಹತ್ತಿರ ಟೇಪ್ ಸುತ್ತಿದ ಡಬ್ಬಿ ಇಡುವುದು ಆಟ ಅಲ್ಲ. ಯಾರಾದರೂ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಡಬ್ಬಿ ಪಾರದರ್ಶಕವಾಗಿರಲಿ, ಮೇಲೆ ಇದು ಮಕ್ಕಳ ಆಟದ ಡಬ್ಬಿ ಅಂತ ಕನ್ನಡದಲ್ಲಿ ಬರೆದಿರಲಿ, ಜಾಗದವರ ಒಪ್ಪಿಗೆ ಇರಲಿ. ಒಪ್ಪಿಗೆ ಬೇಕೆನ್ನುವುದು ಆಟದ ನಿಯಮವೂ ಹೌದು. ಜಾಗದವರು ಸ್ಪಷ್ಟವಾಗಿ ಒಪ್ಪದೆ ನೆಲ ಅಗೆದು ಹೂಳುವಂತಿಲ್ಲ, ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು ಎನ್ನುವುದೂ ನಿಯಮವೇ. ಆಟದವರು ಬರೆಯದ, ನಾವು ಸೇರಿಸಿಕೊಂಡ ನಿಯಮ ಒಂದುಂಟು: ನಾಗಬನ, ದೈವಸ್ಥಾನದ ಅಂಗಳ, ಯಾರದೇ ಕಟ್ಟೆ, ಇಲ್ಲೆಲ್ಲ ಬಾಣ ಕರೆದರೂ ಹೋಗುವುದಿಲ್ಲ.

ಅಪಾಯ ಅಂದರೆ ಮುಖ್ಯವಾಗಿ ಕೈ ಹಾಕುವ ಜಾಗ. ಮುರಕಲ್ಲಿನ ಪಾಗಾರದ ಸಂದಿಯಲ್ಲಿ ಚೇಳು ಇರುತ್ತದೆ, ತರಗೆಲೆ ರಾಶಿಯಲ್ಲಿ ಹಾವು. ಮೊದಲು ಕೋಲು, ಆಮೇಲೆ ಟಾರ್ಚ್, ಕೈ ಕೊನೆಗೆ. ಗೇರುಮರಕ್ಕೆ ಒರಗುವ ಮೊದಲು ಚಗಳಿ (ಕೆಂಪಿರುವೆ) ಗೂಡು ಉಂಟಾ ನೋಡಿ. ನಾನು ನೋಡಲಿಲ್ಲ.

ಇನ್ನು ಅಡಗಿಸುವ ವಿಷಯ. ಮೂಲ್ಕಿ ಕಡೆ ನನ್ನ ಅಮ್ಮನ ಮನೆ, ಹಿಂದೆ ಗೇರುಗುಡ್ಡೆ. ಒಂದು ವರ್ಷ ಪತ್ತನಾಜೆಯ ದಿನ, ಅಂದರೆ ಮಳೆಗಾಲಕ್ಕೆ ಮೊದಲು ಮೇ ಕೊನೆಯಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ, ನಾವಿಬ್ಬರೂ ಅಲ್ಲಿ ನಾಲ್ಕು ಡಬ್ಬಿ ಅಡಗಿಸಿದೆವು. ದೀಪಾವಳಿಗೆ ತೆಗೆಯುವುದು, ಮಳೆಗೆ ಯಾವುದು ಉಳಿಯುತ್ತದೆ ನೋಡುವುದು ಅಂತ. ಮೂರರಲ್ಲಿ ಒಂದು ಸಣ್ಣ ನೋಟ್‌ಬುಕ್, ಒಂದು ರಬ್ಬರ್, ಸಣ್ಣದಾದ ನಾಲ್ಕನೆಯದರಲ್ಲಿ ಬರೀ ಕಾಗದ, ಎಲ್ಲದರಲ್ಲೂ ಮಗಳ ಕೈಬರಹದ ಒಂದು ಗುಟ್ಟು. ಆಟಿ ತಿಂಗಳಲ್ಲಿ ಮಳೆ ಹೊಡೆಯುವಾಗ ಕಿಟಕಿ ಹತ್ತಿರ ನಿಂತು ಯಾವ ಡಬ್ಬಿ ಹೋಯಿತೋ ಅಂತ ಲೆಕ್ಕ ಹಾಕುತ್ತಿದ್ದಳು. ದೀಪಾವಳಿಗೆ ಹೋಗಿ ತೆಗೆದರೆ ಐಸ್‌ಕ್ರೀಮ್ ಡಬ್ಬಿಯಲ್ಲಿ ಮುಕ್ಕಾಲು ನೀರು, ಒಂದು ಕಪ್ಪೆ. ಸ್ಟೀಲ್ ಅಂತ ನಂಬಿ ಇಟ್ಟ ಬಿಸ್ಕತ್ತಿನ ತಗಡು ಡಬ್ಬಿ ತುಕ್ಕು ಹಿಡಿದು ಮುಚ್ಚಳವೇ ಬರಲಿಲ್ಲ. ನಾಲ್ಕು ಕಡೆ ಕ್ಲಿಪ್, ಒಳಗೆ ರಬ್ಬರ್ ಪಟ್ಟಿ ಇರುವ ಡಬ್ಬಿಗೆ ಒಂದು ಹನಿ ನೀರು ಹೋಗಿರಲಿಲ್ಲ, ಆದರೆ ಪುಸ್ತಕಕ್ಕೆ ಪೂರ್ತಿ ಬೂಷ್ಟು. ಮುಚ್ಚಿದ ದಿನದ ಸೆಕೆಯನ್ನೇ ನಾವು ಒಳಗೆ ಹಾಕಿ ಮುಚ್ಚಿದ್ದೆವು! ಗೆದ್ದದ್ದು ಪೆಟ್ ಬಾಟಲಿ ಊದಿಸುವ ಮೊದಲು ಇರುತ್ತದಲ್ಲ, ಬೆರಳುದ್ದದ ದಪ್ಪ ಪ್ಲಾಸ್ಟಿಕ್ ಕೊಳವೆ, ಅದು. ಒಳಗೆ ಸುರುಳಿ ಸುತ್ತಿದ ಕಾಗದ ಒಣಗಿಯೇ ಇತ್ತು. ಪೆನ್ಸಿಲ್‌ನಲ್ಲಿ ಬರೆದದ್ದು ತೆರೆಯಲು ಬಂದ ಎಲ್ಲ ಡಬ್ಬಿಯಲ್ಲೂ ಉಳಿದಿತ್ತು, ಬೂಷ್ಟಿನ ಅಡಿಯಲ್ಲೂ. ಪೆನ್ನಿನದ್ದು ನೀಲಿ ನೀರು. ಕಪ್ಪೆ ಡಬ್ಬಿಯ ಗುಟ್ಟು ಏನಿತ್ತು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ, ಕಪ್ಪೆಗೆ ಗೊತ್ತಂತೆ.

ನಿಮ್ಮ ಮಗನಿಗೂ ಅಜ್ಜಿಮನೆಯೋ ಗೆಳೆಯರ ತೋಟವೋ ಇದ್ದೀತು. ಮೊದಲ ಡಬ್ಬಿ ಅವನೇ ಅಡಗಿಸಲಿ, ನೀವು ಹುಡುಕಿ. ನಿಮಗೆ ಸಿಗದಿದ್ದಾಗ ಅವನ ಮುಖ ನೋಡಿ.

ಡಬ್ಬಿಯೇ ಇಲ್ಲದ ಒಂದು ಬಗೆಯೂ ಉಂಟು, ಅರ್ಥ್‌ಕ್ಯಾಶ್ ಅಂತ. ಜಾಗಕ್ಕೆ ಹೋಗಿ ಅಲ್ಲಿನ ಕಲ್ಲು ಮಣ್ಣು ನೋಡಿ ಪ್ರಶ್ನೆಗೆ ಉತ್ತರ ಕೊಡುವುದು. ಅದೇ ಮಾದರಿಯಲ್ಲಿ ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ನಾನು ಅವಳಿಗೆ ಒಂದೇ ಪ್ರಶ್ನೆ ಕೊಟ್ಟೆ: ಈ ಕಲ್ಲಿನ ಕಂಬಗಳಿಗೆ ಎಷ್ಟು ಮೂಲೆ? ಆರು ಅಂತ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಅವಳು ಮೂವತ್ತು ಕಂಬ ಎಣಿಸಿ ಐದರದ್ದೂ ಉಂಟು, ಏಳರದ್ದೂ ಉಂಟು ಅಂತ ಪಟ್ಟಿ ತಂದಳು. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಅದು, ತಣಿದು ಕುಗ್ಗುವಾಗ ಹಾಗೆ ಬಿರುಕು ಬಿಟ್ಟದ್ದು. ಅಲ್ಲಿಂದ ಕಲ್ಲು ತರಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ.

ಎಂಟು ವರ್ಷ ಸರಿಯಾದ ಪ್ರಾಯ. ಒಂದೇ ಎಚ್ಚರಿಕೆ, ಹದಿಮೂರಕ್ಕೆ ಬರುವಾಗ ಅವರು ನಮ್ಮನ್ನು ಮೀರಿಸುತ್ತಾರೆ. ಕಳೆದ ತಿಂಗಳು ಮಗಳು ನನಗಾಗಿ ಅಮ್ಮನ ಮನೆಯ ಗುಡ್ಡೆಯಲ್ಲಿ ಒಂದು ಕೊಳವೆ ಅಡಗಿಸಿದ್ದಾಳೆ. ಎರಡು ಸಲ ಹೋಗಿ ಬಂದೆ, ಸಿಗಲಿಲ್ಲ. ಸುಳಿವು ಕೊಡು ಮಾರಾಯ್ತಿ ಅಂದರೆ, "ಪತ್ತನಾಜೆಗೆ ಮೊದಲು ಹುಡುಕು ಅಮ್ಮ" ಅನ್ನುತ್ತಾಳೆ.