'ಶಿರಸ್ಸು' ಹೋಗಿ 'ಗವರ್ನರ್' ಬಂದದ್ದು

ದೊರೆ ಎಂಟನೇ ಹೆನ್ರಿ ಇಂಗ್ಲೆಂಡಿನ ಚರ್ಚಿಗೆ 'ಶಿರಸ್ಸು' (ಪರಮ ಮುಖ್ಯಸ್ಥ), ಮಗಳು ರಾಣಿ ಒಂದನೇ ಎಲಿಜಬೆತ್ ಮಾತ್ರ 'ಗವರ್ನರ್' (ಪರಮ ಆಡಳಿತಗಾರ್ತಿ). ಅಧಿಕಾರ ಕಡಿಮೆಯಾಯಿತೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಹೆಚ್ಚೇನೂ ಇಲ್ಲ. ಚರ್ಚಿಗೆ ಕ್ರಿಸ್ತನೊಬ್ಬನೇ ಶಿರಸ್ಸು ಎನ್ನುವ ಪ್ರಾಟೆಸ್ಟೆಂಟರಿಗೂ ಆ ಪದ ಚುಚ್ಚುತ್ತಿತ್ತು, ಹೆಣ್ಣಿಗೆ ಆ ಪಟ್ಟವೇ ಎಂಬ ತಕರಾರು ಬೇರೆ. ಅದಕ್ಕೇ 1559ರ ಕಾಯ್ದೆಯಲ್ಲಿ ಪದ ಬದಲಾಯಿತು.

ಇಂಗ್ಲೆಂಡಿನ ಚರ್ಚಿನ ನಂಬಿಕೆಗಳನ್ನು ಹೇಳುವ 39 ವಿಧಿಗಳಲ್ಲಿ 37ನೆಯದನ್ನು ದಯವಿಟ್ಟು ಓದಿ. ಬೋಧನೆ, ಸಂಸ್ಕಾರ ದೊರೆಯ ಕೆಲಸವಲ್ಲ. ಪಾದ್ರಿಗಳೂ ಸೇರಿ ಎಲ್ಲರನ್ನೂ ಆಳುವುದು, ದುಷ್ಟರನ್ನು ಶಿಕ್ಷಿಸುವುದು ದೊರೆಯದು ಎನ್ನುತ್ತದೆ.

ಆದರೆ ಬೋಧನೆಗೂ ಆಳ್ವಿಕೆಗೂ ನಡುವಿನ ಈ ಗೆರೆ ಆಚರಣೆಯಲ್ಲಿ ನಿಲ್ಲಲಿಲ್ಲ. ಪಾದ್ರಿಗಳು ಕೂಡಿ ಬೈಬಲ್ ವಿವರಿಸುವ ಸಭೆಗಳನ್ನು ನಿಲ್ಲಿಸಲು ರಾಣಿ ಹೇಳಿದಾಗ, ಚರ್ಚಿನ ಅತಿ ಹಿರಿಯ ಪಾದ್ರಿಯಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಗ್ರಿಂಡಲ್ ಮನಸ್ಸಾಕ್ಷಿ ಒಪ್ಪದೆಂದು ಪತ್ರ ಬರೆದರು. 1577ರಲ್ಲಿ ಅವರನ್ನು ಕೆಲಸದಿಂದ ದೂರವಿಟ್ಟರು. ಪಟ್ಟ ಮಾತ್ರ ಸಾಯುವವರೆಗೂ ಅವರದೇ.