ಮಾಸ್ಕ್ ತೆಗೆಯದ ಹುಡುಗ

ಹೆಸರು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವನ ಒಪ್ಪಿಗೆಯಿದೆ. ವೀರೇಶ ಎಂದು ಕರೆಯೋಣ. ವಯಸ್ಸು 23. ಸಿಂಧನೂರು ಕಡೆಯ ಭತ್ತ ಬೆಳೆಯುವ ಮನೆಯವನು. ಬಿ.ಎಸ್ಸಿ. ಮುಗಿಸಿ, ರಾಯಚೂರಿನಲ್ಲಿ ಇಬ್ಬರು ಗೆಳೆಯರೊಂದಿಗೆ ರೂಮು ಮಾಡಿಕೊಂಡು ನೇಮಕಾತಿ ಪರೀಕ್ಷೆಗಳಿಗೆ ಓದುತ್ತಿದ್ದ.

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಆ ದಿನಗಳಲ್ಲಿ ನಮ್ಮ ಊರಿನಲ್ಲಿ ಬಿಸಿಲಿಗೆ ಮುಖಕ್ಕೆ ದಸ್ತಿ ಕಟ್ಟಿಕೊಳ್ಳದವರೇ ಕಡಿಮೆ, ಹಾಗಾಗಿ ನನಗೇನೂ ಅನ್ನಿಸಲಿಲ್ಲ. ಒಳಗೆ ಬಂದು, ಫ್ಯಾನಿನ ಕೆಳಗೆ ಕುಳಿತು, ನೀರು ಕೊಟ್ಟ ಮೇಲೆ ದಸ್ತಿ ಬಿಚ್ಚಿದ. ಅದರ ಕೆಳಗೆ ಮಾಸ್ಕ್ ಇತ್ತು. ನೀರು ಕುಡಿಯುವಾಗ ಮಾಸ್ಕನ್ನು ಕೆಳಗಿನಿಂದ ಒಂದಿಷ್ಟೇ ಎತ್ತಿ, ಲೋಟವನ್ನು ಒಳಗೆ ತೂರಿಸಿ ಕುಡಿದ. ಅಷ್ಟು ಸಲೀಸಾಗಿ ಕುಡಿಯಲು ಎಷ್ಟು ದಿನದ ಅಭ್ಯಾಸ ಬೇಕು ಎಂದು ಆಗ ಯೋಚಿಸಿದೆ.

ಕಾರಣ ಹೇಳಲು ಅರ್ಧ ಗಂಟೆ ಬೇಕಾಯಿತು. ಒಂದು ಪರೀಕ್ಷೆಯ ಅರ್ಜಿಗೆ ಮೊಬೈಲ್‌ನಲ್ಲಿ ನುಣುಪು ಮಾಡಿದ ಫೋಟೊ ಹಾಕಿದ್ದ. ಮೊಡವೆಯಿಲ್ಲ, ಕಲೆಯಿಲ್ಲ, ಗಲ್ಲ ಬೆಣ್ಣೆಯಂತೆ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಮೇಲ್ವಿಚಾರಕರು ಮಾಸ್ಕ್ ತೆಗೆಸಿ, ಪ್ರವೇಶಪತ್ರ ನೋಡಿದರು, ಇವನ ಮುಖ ನೋಡಿದರು, ಮತ್ತೆ ಪ್ರವೇಶಪತ್ರ ನೋಡಿದರು. ಏನೂ ಅನ್ನಲಿಲ್ಲ, ಒಳಗೆ ಬಿಟ್ಟರು. ಆ ಎರಡನೆಯ ನೋಟ ಮಾತ್ರ ಇವನ ಎದೆಯಲ್ಲಿ ಉಳಿಯಿತು. ಮುಂದಿನ ಪರೀಕ್ಷೆಗೆ ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದುಬಿಟ್ಟ. ಗೆಳೆಯನೊಬ್ಬ ಒತ್ತಾಯ ಮಾಡಿ ನನ್ನ ಬಳಿ ಕಳಿಸಿದ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮಾಸ್ಕ್ ತೆಗೆದಾಗ, ಸಮಾಧಾನ ಮಾಡುವ ಆತುರದಲ್ಲಿ, “ಅಷ್ಟೇನೂ ಕಾಣುವುದಿಲ್ಲವಲ್ಲ” ಎಂದುಬಿಟ್ಟೆ. ಕಾಣುತ್ತಿತ್ತು. ಎರಡೂ ಗಲ್ಲದಲ್ಲಿ ಕೀವು ತುಂಬಿದ ಗುಳ್ಳೆಗಳು, ದವಡೆಯ ಅಂಚಿನಲ್ಲಿ ನೋಯುವ ಗಂಟುಗಳು, ಸುತ್ತ ತೆಳುವಾಗಿ ಕೆಂಪೇರಿದ ಚರ್ಮ. ಅವನು ತಕ್ಷಣ ಮಾಸ್ಕ್ ಏರಿಸಿಕೊಂಡ. ಅಪ್ಪ “ವಯಸ್ಸಿಗೆ ಬಂದವರಿಗೆಲ್ಲ ಬರುತ್ತದೆ, ಮದುವೆಯಾದರೆ ಹೋಗುತ್ತದೆ” ಎಂದು ಹೇಳಿ ಮುಗಿಸಿದ ಮಾತನ್ನೇ ನಾನೂ ಬೇರೆ ಪದಗಳಲ್ಲಿ ಹೇಳಿದ್ದೆ. ಮುಂದಿನ ವಾರ ಬಂದಾಗ ಮೊದಲು ಕ್ಷಮೆ ಕೇಳಿದೆ. “ಕಾಣುತ್ತದೆ. ನೋವೂ ಇದೆ. ಇದು ಕಾಯಿಲೆ, ಇದಕ್ಕೆ ಔಷಧಿ ಇದೆ” ಎಂದೆ. ಮಾತು ಆರಂಭವಾದದ್ದು ಅಲ್ಲಿಂದ.

ಬದುಕು ಬೇಡ ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಹಲವರಿಗಿದೆ, ಅದು ನಿಜವಲ್ಲ. “ಕೆಲವು ಬೆಳಗು ಏಳುವುದೇ ಬೇಡ ಅನ್ನಿಸುತ್ತದೆ, ಅಷ್ಟೇ” ಎಂದ. ಯಾವ ಸಿದ್ಧತೆಯೂ ಇರಲಿಲ್ಲ. ಆದರೂ ಟೆಲಿಮಾನಸ್‌ನ 14416 ಸಂಖ್ಯೆಯನ್ನು ಅವನ ಮೊಬೈಲ್‌ನಲ್ಲಿ ನನ್ನ ಎದುರಿಗೇ ಉಳಿಸಿಕೊಳ್ಳಲು ಹೇಳಿದೆ. ಅದು ಹಗಲಿರುಳು ಸಿಗುವ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು.

ಆಮೇಲೆ ಜೇಬಿನಿಂದ ಒಂದು ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟ. ಬಾಲದಿಂದ ಬೀಡಿಯಂತೆ ಸುರುಳಿ ಸುತ್ತಿ, ಕೊನೆಯ ಹನಿಯವರೆಗೂ ಹಿಂಡಿದ್ದ. ಎರಡು ವರ್ಷದಿಂದ ಇದೇ ಮುಲಾಮು. ಔಷಧಿ ಅಂಗಡಿಯವರು ಚೀಟಿ ಕೇಳದೆ ಕೊಡುತ್ತಿದ್ದರು. ಇಬ್ಬರೂ ಸೇರಿ ಮೇಲಿನ ಸಣ್ಣ ಅಕ್ಷರ ಓದಿದೆವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟೀರಾಯ್ಡ್. ಹಚ್ಚಿದ ಹತ್ತು ಹದಿನೈದು ದಿನದಲ್ಲಿ ಮುಖ ಬೆಳ್ಳಗೆ, ಶಾಂತವಾಗಿ ಕಾಣುತ್ತದೆ. ಬಿಟ್ಟರೆ ಉರಿ, ಕೆಂಪು, ಮೊದಲಿಗಿಂತ ಹೆಚ್ಚು ಗುಳ್ಳೆ. ಹೆದರಿ ಮತ್ತೆ ಹಚ್ಚುತ್ತಾರೆ. ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮುಲಾಮೇ ಮೊಡವೆ ತರಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಇರುವ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ದೆಹಲಿಯಲ್ಲಿದೆ, ಅಂಗಡಿ ನಮ್ಮ ಓಣಿಯಲ್ಲಿದೆ.

ಔಷಧಿ ಕೊಡುವುದು ನನ್ನ ಕೆಲಸವಲ್ಲ. ಒಂದು ಪತ್ರ ಬರೆದು, ಖಾಲಿ ಟ್ಯೂಬನ್ನೂ ಜೊತೆಗೆ ಒಯ್ಯಲು ಹೇಳಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ನ ಚರ್ಮರೋಗ ವಿಭಾಗಕ್ಕೆ ಕಳಿಸಿದೆ. ಅವರು ಮುಲಾಮು ನಿಲ್ಲಿಸಿದರು. ಮೊದಲ ತಿಂಗಳು ಸೌಮ್ಯವಾದ ಸೋಪು, ತೇವ ಉಳಿಸುವ ಕ್ರೀಮ್, ಬಿಸಿಲಿಗೆ ಸನ್‌ಸ್ಕ್ರೀನ್, ಜೊತೆಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ. ಅದನ್ನು ತುಂಬಾ ನೀರಿನೊಂದಿಗೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ರಾಯಚೂರಿನಲ್ಲಿ ಈ ಕೊನೆಯ ಎಚ್ಚರಿಕೆ ಸುಮ್ಮನೆ ಹೇಳುವ ಮಾತಲ್ಲ. ಚರ್ಮ ತಣ್ಣಗಾದ ಮೇಲೆ ರಾತ್ರಿ ಅಡಾಪಲೀನ್ ಜೆಲ್, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಏಕೆಂದರೆ ನಾಳೆ ಏಳಲಿರುವ ಗುಳ್ಳೆ ಈಗಾಗಲೇ ಚರ್ಮದೊಳಗೆ ಕುಳಿತಿರುತ್ತದೆ. ಇದೂ ಸಾಲದಿದ್ದರೆ ಐಸೊಟ್ರೆಟಿನಾಯಿನ್ ಎಂದರು. ರೂಮಿನ ಗೆಳೆಯನ ಬಳಿ ಆ ಗುಳಿಗೆ ಇತ್ತಂತೆ. ಅದನ್ನು ಹಂಚಿಕೊಳ್ಳುವ ಮಾತೇ ಬೇಡ ಎಂದೆ. ರಕ್ತ ಪರೀಕ್ಷೆ ಮಾಡಿಸಿ ವೈದ್ಯರ ಕಣ್ಣಳತೆಯಲ್ಲೇ ತೆಗೆದುಕೊಳ್ಳಬೇಕಾದ ಔಷಧಿ ಅದು. ಓದುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು: ಗರ್ಭದಲ್ಲಿರುವ ಮಗುವಿಗೆ ಅದು ಭಾರಿ ಹಾನಿ ಮಾಡುತ್ತದೆ.

ಅಡಾಪಲೀನ್ ಆರಂಭಿಸಿದ ಮೇಲೆ ಫಲ ಕಾಣಲು ಎಂಟರಿಂದ ಹನ್ನೆರಡು ವಾರ. ನನ್ನ ಕೆಲಸ ಇದ್ದದ್ದು ಈ ಹನ್ನೆರಡು ವಾರಗಳಲ್ಲಿ. ವೀರೇಶ ಮಾಡಿದ ಚಿಕಿತ್ಸೆಗಳ ಪಟ್ಟಿ ಬರೆಸಿದೆ: ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್, ಬೇವಿನ ಎಲೆ, ನಾಲ್ಕು ಬಗೆಯ ಸೋಪು, ಎರಡು ಜೆಲ್. ಪ್ರತಿಯೊಂದರ ಮುಂದೆ ಎಷ್ಟು ದಿನ ಎಂದು ಬರೆಯಲು ಹೇಳಿದೆ. ಐದು, ಎಂಟು, ಹತ್ತು. ಅತಿ ಹೆಚ್ಚೆಂದರೆ ಹದಿನಾಲ್ಕು. ಬಿಟ್ಟ ಎರಡು ಜೆಲ್‌ಗಳಲ್ಲಿ ಒಂದು ಅಡಾಪಲೀನೇ ಆಗಿತ್ತು! ಭತ್ತದ ಮನೆಯ ಹುಡುಗನಿಗೆ, ನಾಟಿ ಮಾಡಿದ ಹತ್ತನೆಯ ದಿನ ಕೊಯ್ಲು ಕೇಳುವವರುಂಟೇ ಎಂದೆ. ಮೊದಲ ಸಲ ನಕ್ಕ.

ಅದಕ್ಕೂ ಮೊದಲು ಒಂದು ಕಷ್ಟದ ತಿಂಗಳಿತ್ತು. ಮುಲಾಮು ಬಿಟ್ಟ ಮೂರನೆಯ ವಾರ ಮುಖ ಬೆಂಕಿಯಾಯಿತು. ರಾತ್ರಿ ಫೋನ್ ಮಾಡಿ, “ಮೇಡಂ, ಹೊಸ ಟ್ಯೂಬ್ ತಂದಿದ್ದೇನೆ” ಎಂದ. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದೆ, ಆದರೆ ಹೇಳಿದ್ದನ್ನು ನೆನಪಿಸಿದರೆ ಉರಿ ಕಡಿಮೆಯಾಗುವುದಿಲ್ಲವಲ್ಲ. ಬೆಳಗಿನವರೆಗೆ ತಡೆಯಿರಿ, ತಣ್ಣೀರ ಬಟ್ಟೆ ಇಡಿ, ವೈದ್ಯರಿಗೆ ತೋರಿಸಿ ಎಂದೆ. ತಡೆಯಲಿಲ್ಲ, ಎರಡು ರಾತ್ರಿ ಹಚ್ಚಿದ. ಮೂರನೆಯ ದಿನ ತಾನೇ ರಿಮ್ಸ್‌ಗೆ ಹೋಗಿ ಹೇಳಿಕೊಂಡ. ವೈದ್ಯರು ಬೈಯಲಿಲ್ಲ ಎಂಬುದೇ ಅವನಿಗೆ ದೊಡ್ಡ ಅಚ್ಚರಿ.

ಐದನೆಯ ಭೇಟಿಯಲ್ಲಿ ನಿಜವಾದ ಭಾರ ಕೆಳಗಿಳಿಯಿತು. ಮೊಡವೆ ಬರಲು ತನ್ನ ಹಸ್ತಮೈಥುನವೇ ಕಾರಣ ಎಂದು ಹತ್ತನೆಯ ತರಗತಿಯಿಂದ ನಂಬಿದ್ದ. ಯಾರೋ ಹಿರಿಯ ಹುಡುಗರು ಹೇಳಿದ್ದರಂತೆ. ಹಾಗಾಗಿ ಎದುರು ಬಂದವರು ಮುಖ ನೋಡಿದಾಗಲೆಲ್ಲ ತನ್ನ ಗುಟ್ಟನ್ನೇ ಓದುತ್ತಿದ್ದಾರೆ ಅನ್ನಿಸುತ್ತಿತ್ತು. ಮಾಸ್ಕ್ ಮುಚ್ಚುತ್ತಿದ್ದದ್ದು ಗುಳ್ಳೆಯನ್ನಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ. ಹರೆಯದಲ್ಲಿ ಏರುವ ಹಾರ್ಮೋನಿನಿಂದ ಎಣ್ಣೆಗ್ರಂಥಿಗಳು ಹೆಚ್ಚು ಕೆಲಸ ಮಾಡುತ್ತವೆ, ರೋಮದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊತ ಬರುತ್ತದೆ. ಅಪ್ಪ ಅಮ್ಮನಿಗೆ ಇದ್ದಿದ್ದರೆ ಮಕ್ಕಳಿಗೆ ಬರುವುದು ಹೆಚ್ಚು. “ಅಪ್ಪನ ಗಲ್ಲದ ಮೇಲೂ ತಗ್ಗುಗಳಿವೆ” ಎಂದ, ಈಗಷ್ಟೇ ನೋಡಿದವನಂತೆ.

ಓದುವಾಗ ಎಡಗೈ ದವಡೆಯ ಮೇಲೆ ಓಡಾಡುತ್ತಿತ್ತು, ಗುಳ್ಳೆ ಸಿಕ್ಕರೆ ಚಿವುಟುತ್ತಿತ್ತು. ಅವನಿಗೇ ಗೊತ್ತಿರಲಿಲ್ಲ, ಗೆಳೆಯ ಗಮನಿಸಿ ಹೇಳಿದ. ಚಿವುಟಿದರೆ ಕಲೆ, ತಗ್ಗು ಬೀಳುವುದು ಹೆಚ್ಚುತ್ತದೆ. ಉಗುರು ಗಿಡ್ಡ ಮಾಡಿಕೊಳ್ಳಲು, ಎಡಗೈಗೆ ಒಂದು ಕೆಲಸ ಕೊಡಲು ಹೇಳಿದೆ. ಅವನು ಪೆನ್ನಿನ ಮುಚ್ಚಳ ಹಿಡಿದುಕೊಂಡ. ಕೈ ಮೇಲೇಳುತ್ತಿದ್ದಂತೆ ಮುಷ್ಟಿ ಕಟ್ಟಿ ಒಂದು ನಿಮಿಷ ಇಡಬೇಕು. ಕನ್ನಡಿ ದಿನಕ್ಕೆ ಎರಡು ಸಲ, ತೋಳಿನ ದೂರದಿಂದ. ಫೋಟೊ ನಾಲ್ಕು ವಾರಕ್ಕೊಮ್ಮೆ, ಒಂದೇ ಕಿಟಕಿಯ ಬಳಿ. ದಿನವೂ ನೋಡುವವನಿಗೆ ಇಳಿಯುವುದು ಕಾಣುವುದೇ ಇಲ್ಲ.

ಊಟದ ಬಗ್ಗೆ ಅವನ ಅವ್ವನೊಂದಿಗೆ ಫೋನಿನಲ್ಲಿ ಮಾತನಾಡಿದೆ. ಉಷ್ಣವಾಗುತ್ತದೆಂದು ಶೇಂಗಾ, ಖಾರ, ಎಣ್ಣೆ ಎಲ್ಲ ಬಿಡಿಸಿದ್ದರು, ಹುಡುಗ ಸೊರಗಿದ್ದ. ತಿಂದ ಎಣ್ಣೆ ಮುಖದಲ್ಲಿ ಒಸರುವುದಿಲ್ಲ. ಸಿಹಿ ಪಾನೀಯ, ಬೇಕರಿ ತಿಂಡಿ ಕಡಿಮೆ ಮಾಡಿದರೆ ಕೆಲವರಿಗೆ ಅನುಕೂಲವಾಗುತ್ತದೆ, ರೊಟ್ಟಿ ಪಲ್ಯಕ್ಕೆ ಏನೂ ಅಡ್ಡಿಯಿಲ್ಲ ಎಂದೆ. ಇನ್ನೊಂದು ಕೋರಿಕೆಯನ್ನೂ ಮುಂದಿಟ್ಟೆ: ಮಗ ಊರಿಗೆ ಬಂದಾಗ ಮೊದಲ ಮಾತು ಮುಖದ ಬಗ್ಗೆ ಬೇಡ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಶೇಂಗಾ ಹೋಳಿಗೆ ಕೊಡಬಹುದೇ?” ಎಂದರು.

ಮಾಸ್ಕ್ ಬಿಡಿಸುವುದಕ್ಕೆ ಮೆಟ್ಟಿಲು ಮಾಡಿದೆವು. ಸುಲಭವಾದದ್ದು ಕೆಳಗೆ: ಬೆಳಗ್ಗೆ ಆರಕ್ಕೆ ಚಹಾದ ಅಂಗಡಿ. ಆಮೇಲೆ ಗ್ರಂಥಾಲಯ, ಬಸ್, ಓಣಿಯ ಪರಿಚಯದವರು. ತುತ್ತತುದಿಯಲ್ಲಿ ಅವನು ಬರೆದದ್ದು ಪರೀಕ್ಷಾ ಕೇಂದ್ರವಲ್ಲ, ಕಟಿಂಗ್ ಶಾಪ್. ಎದುರಿಗೂ ಹಿಂದಕ್ಕೂ ಕನ್ನಡಿ, ತಲೆಯ ಮೇಲೆ ಟ್ಯೂಬ್‌ಲೈಟ್, ಅಲುಗಾಡುವಂತಿಲ್ಲ, ಮೇಲಾಗಿ ಅಂಗಡಿಯವನ ಬಾಯಿ. ಏಳು ತಿಂಗಳಿಂದ ಹೋಗಿರಲಿಲ್ಲ, ರೂಮಿನವನೇ ಕತ್ತರಿ ಆಡಿಸುತ್ತಿದ್ದ. ಕೇಳಿದವರಿಗೆ ಹೇಳಲು ಒಂದು ವಾಕ್ಯ ಸಿದ್ಧ ಮಾಡಿಕೊಂಡೆವು: “ಡಾಕ್ಟರ ಔಷಧಿ ನಡೆದಿದೆ.” ವಿವರಣೆ ಇಲ್ಲ, ಜಗಳ ಇಲ್ಲ. ಈ ಮೂರು ಪದಗಳನ್ನು ನನ್ನ ಕೋಣೆಯಲ್ಲಿ ಇಪ್ಪತ್ತು ಸಲವಾದರೂ ಹೇಳಿಸಿದ್ದೇನೆ. ನಾನು ಕೆಟ್ಟ ಬಾಯಿಯ ನೆರೆಯವಳಾಗಿ ನಟಿಸಿದೆ, ನಟನೆ ಚೆನ್ನಾಗಿತ್ತು ಎಂದ.

ಆಗಸ್ಟ್‌ ಹೊತ್ತಿಗೆ ಹೊಸ ಗುಳ್ಳೆಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಕಪ್ಪು ಕಲೆಗಳು ಹಾಗೇ ಇವೆ, ಅವು ಮಸುಕಾಗಲು ತಿಂಗಳುಗಳು ಬೇಕು. ತಗ್ಗುಗಳಿಗೆ ಬೇರೆಯೇ ಚಿಕಿತ್ಸೆ, ಅದೂ ಮೊಡವೆ ಪೂರ್ತಿ ತಣ್ಣಗಾದ ಮೇಲೆ. ಇದನ್ನೆಲ್ಲ ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದೇವೆ. ಹೊಸ ಅರ್ಜಿಗೆ ಸ್ಟುಡಿಯೊಗೆ ಹೋಗಿ, ಮುಖ ತಿದ್ದಬೇಡಿ ಎಂದು ಹೇಳಿ ಫೋಟೊ ತೆಗೆಸಿದ್ದಾನೆ.

ಕಳೆದ ಭೇಟಿಗೆ ಕೂದಲು ಕತ್ತರಿಸಿಕೊಂಡು ಬಂದ. ಅಂಗಡಿಯವನು ನಿರೀಕ್ಷೆಯಂತೆಯೇ ಗಲ್ಲ ಹಿಡಿದು ತಿರುಗಿಸಿ, “ಏನಪ್ಪಾ ಇದು, ನಿಂಬೆಹಣ್ಣು ತಿಕ್ಕಬಾರದೇ?” ಎಂದನಂತೆ. ವೀರೇಶ ಕಲಿತ ವಾಕ್ಯ ಹೇಳಿದ.

“ಆಮೇಲೆ?” ಎಂದೆ.

“ಆಮೇಲೇನಿಲ್ಲ ಮೇಡಂ. ಮೀಸೆ ಎಷ್ಟು ಬಿಡಲಿ ಎಂದು ಕೇಳಿದ.”